ಜೇಬಿನ ಚಾಕು ಮತ್ತು ಕಡವೆ ಕೊಂಬು

ಅಮೆರಿಕದಲ್ಲಿ ವಯಸ್ಸಾದವರು ತೀರಿಕೊಂಡರೆ, ಇಲ್ಲವೇ ವೃದ್ಧಾಶ್ರಮ ಸೇರಿದರೆ, ಎಷ್ಟೋ ಕಡೆ ಮಕ್ಕಳು ಬಂದು ಮನೆಯ ಬಾಗಿಲು ತೆರೆದು ಸಾಮಾನೆಲ್ಲ ಮಾರಾಟಕ್ಕಿಡುತ್ತಾರೆ. ಇದಕ್ಕೆ ಎಸ್ಟೇಟ್ ಸೇಲ್ ಎಂದು ಹೆಸರು. ಮಂಚ, ತಟ್ಟೆ, ಕೋಟು, ಗೋಡೆ ಗಡಿಯಾರ, ಎಲ್ಲದರ ಮೇಲೂ ಬೆಲೆ ಚೀಟಿ ಅಂಟಿಸಿರುತ್ತಾರೆ. ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ಗ್ಯಾರೇಜಿನ ಹಳೆಯ ಕಾಫಿ ಡಬ್ಬಿಗೆ ಕೈ ಹಾಕಿದರೆ ಮೊಳೆ, ನಟ್ಟು, ಬೋಲ್ಟುಗಳ ನಡುವೆ ಒಂದು ಮಡಚುವ ಚಾಕು ಸಿಗುವುದೂ ಉಂಟು.

ನಾನು ನಾಲ್ಕು ವರ್ಷದಿಂದ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಮನೆಯವರ ಕೆಲಸದ ಕಾರಣಕ್ಕೆ ಬಂದದ್ದು. ನನ್ನ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಶನಿವಾರಗಳಂದು ಈ ಮಾರಾಟಗಳನ್ನು ಸುತ್ತುತ್ತಾ ಸುತ್ತುತ್ತಾ ಹಳೆಯ ಜೇಬು ಚಾಕು ಕೂಡಿಡುವ ಹುಚ್ಚು ಹತ್ತಿತು. ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಚಾಕು ಕೂಡಿಟ್ಟು ಏನು ಮಾಡುತ್ತೀ?"

ಅಮ್ಮನ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳಬೇಕೆಂದರೆ ಚಾಕುವಿನಿಂದಲೇ ಶುರು ಮಾಡಬೇಕು.

ಈ ಚಾಕುಗಳಿಗೆ ಬೀಗವಿಲ್ಲ. ಹಿಡಿಯ ಬೆನ್ನಿನಲ್ಲಿ ಉಕ್ಕಿನ ಪಟ್ಟಿ ಸ್ಪ್ರಿಂಗ್ ಇರುತ್ತದೆ. ಉಗುರು ಸಿಕ್ಕಿಸಿ ಬ್ಲೇಡ್ ಎತ್ತಿದರೆ ಆ ಪಟ್ಟಿ ಬಾಗಿ, ಬ್ಲೇಡ್ ಪೂರ್ತಿ ಬಿಚ್ಚಿದಾಗ 'ಟಕ್' ಎಂದು ಕೂರುತ್ತದೆ. ಸಂಗ್ರಹಕಾರರು ಮೊದಲು ಕೇಳುವುದೇ ಈ ಸದ್ದನ್ನು. ಬ್ಲೇಡ್ ತಡೆಯಿಲ್ಲದೆ ಸರಿಯುವುದನ್ನು ನಡಿಗೆ ಎಂದೂ, 'ಟಕ್' ಎನ್ನುವುದನ್ನು ಮಾತು ಎಂದೂ ಕರೆಯುತ್ತಾರೆ. ಸ್ಪ್ರಿಂಗ್ ಸೋತ ಚಾಕು ಮೂಕ.

ಹತ್ತೊಂಬತ್ತನೇ ಶತಮಾನದ ಬಹುಭಾಗ ಅಮೆರಿಕದವರ ಜೇಬಿನಲ್ಲಿ ಇದ್ದದ್ದು ಇಂಗ್ಲೆಂಡಿನ ಶೆಫೀಲ್ಡ್ ಚಾಕು. 1890ರಲ್ಲಿ ಮೆಕಿನ್ಲಿ ಸುಂಕ ಕಾಯಿದೆ ಬಂತು. ಹೊರಗಿನ ಮಾಲಿನ ಮೇಲೆ ಭಾರೀ ತೆರಿಗೆ ಬಿತ್ತು, ಶೆಫೀಲ್ಡ್ ಚಾಕು ದುಬಾರಿಯಾಯಿತು. ಕನೆಕ್ಟಿಕಟ್, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ರಾಜ್ಯಗಳ ಸಣ್ಣ ಊರುಗಳ ಚಾಕು ಕಾರ್ಖಾನೆಗಳು ಬೆಳೆದವು. ಕೇಸ್ ಮನೆತನದ ಅಣ್ಣತಮ್ಮಂದಿರು 1889ರಲ್ಲಿ ನ್ಯೂಯಾರ್ಕ್ ರಾಜ್ಯದ ಲಿಟಲ್ ವ್ಯಾಲಿ ಎಂಬಲ್ಲಿ ಚಾಕು ವ್ಯಾಪಾರ ಶುರು ಮಾಡಿದರು. 1905ರಲ್ಲಿ ಕಂಪನಿ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್‌ಗೆ ಬಂತು. ಇಂದಿಗೂ ಅಲ್ಲೇ ಇದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಚಾಕುಗಳ ಬರಹ. ಬ್ಲೇಡಿನ ಬುಡದಲ್ಲಿ ಕಂಪನಿಯ ಮುದ್ರೆ ಒತ್ತಿರುತ್ತಾರೆ. ಕೇಸ್ ಕಂಪನಿ 1970ರಲ್ಲಿ ಆ ಮುದ್ರೆಯ ಕೆಳಗೆ ಹತ್ತು ಚುಕ್ಕಿ ಹಾಕಿತು. ಮರುವರ್ಷ ಒಂಬತ್ತು, ಅದರ ಮರುವರ್ಷ ಎಂಟು. ಹೀಗೆ ವರ್ಷಕ್ಕೊಂದು ಚುಕ್ಕಿ ಕಡಿಮೆ ಮಾಡುತ್ತಾ 1979ಕ್ಕೆ ಒಂದೇ ಚುಕ್ಕಿ ಉಳಿಯಿತು. ಆ ದಶಕದ ಮುದ್ರೆಯಲ್ಲಿ ನಾಲ್ಕು ಚುಕ್ಕಿ ಕಂಡರೆ ಆ ಚಾಕು 1976ರದ್ದು. ಓದು ಬರಹ ಬೇಕಿಲ್ಲ, ಎಣಿಸಲು ಬಂದರೆ ಸಾಕು.

ಅಂಕಿಗಳಿಗೂ ಅರ್ಥವಿದೆ. 6318 ಎಂದಿದ್ದರೆ ಮೊದಲ 6 ಎಂದರೆ ಗೆರೆ ಕೊರೆದ ಮೂಳೆಯ ಹಿಡಿ, 3 ಎಂದರೆ ಮೂರು ಬ್ಲೇಡ್, 18 ಎಂದರೆ ಮಾದರಿಯ ಸಂಖ್ಯೆ. ಈ ಮಾದರಿಯ ಹೆಸರು ಸ್ಟಾಕ್‌ಮನ್, ಅಂದರೆ ದನಗಾಹಿ. ಉದ್ದದ ಬ್ಲೇಡ್ ಎಲ್ಲ ಕೆಲಸಕ್ಕೆ. ನೇರ ಅಂಚಿನದು ಹಗ್ಗ ಕೊಯ್ಯಲು, ಗೊರಸು ಸವರಲು. ತುದಿ ಮೊಂಡಾದ ಮೂರನೆಯದು ಹೋರಿಗಳ ಬೀಜ ತೆಗೆಯಲು. ಮೊನೆ ಎಲ್ಲೆಲ್ಲೋ ಚುಚ್ಚಬಾರದೆಂದು ಹಾಗೆ ಮಾಡಿದ್ದಾರೆ. ದನ ಕಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಟ್ರ್ಯಾಪರ್ ಎಂಬುದು ಬೋನಿಟ್ಟು ಪ್ರಾಣಿ ಹಿಡಿದು ಚರ್ಮ ಸುಲಿಯುವವರದು. ಎಲೆಕ್ಟ್ರಿಷಿಯನ್ನರಿಗೆ ಬೇರೆ, ಗಿಡ ಸವರುವವರಿಗೆ ಕೊಕ್ಕಿನಂತೆ ಬಾಗಿದ್ದು ಬೇರೆ. ಚಾಕುವಿನ ಆಕಾರ ನೋಡಿ ಜೇಬಿನ ಯಜಮಾನ ಯಾವ ಕೆಲಸದವನು ಎಂದು ಊಹಿಸಬಹುದು.

ನಮ್ಮಲ್ಲೂ ಯಾರಾದರೂ ಹಳೆಯ ಚಾಕು ಇಟ್ಟುಕೊಂಡಿದ್ದರೆ ಇಲ್ಲಿ ನಾನು ಕಲಿತ ನಾಲ್ಕು ಮಾತು. ಹಳೆಯ ಕಾರ್ಬನ್ ಉಕ್ಕಿನ ಮೇಲೆ ಬರುವ ಬೂದು ಬಣ್ಣ ಕೊಳೆಯಲ್ಲ, ತಿಕ್ಕಿ ತೆಗೆಯಬೇಡಿ. ಕೆಂಪು ತುಕ್ಕು ಕಂಡರೆ ಮಾತ್ರ ಎಣ್ಣೆ ಹಚ್ಚಿ ಮೆಲ್ಲಗೆ ಒರೆಸಿ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ. ಸೆಲ್ಯುಲಾಯ್ಡ್ ಹಿಡಿಯ ಚಾಕುವನ್ನು ಉಳಿದವುಗಳ ಜೊತೆ ಒಂದೇ ಡಬ್ಬಿಯಲ್ಲಿ ಮುಚ್ಚಿಡಬೇಡಿ. ಆ ಹಳೆಯ ಪ್ಲಾಸ್ಟಿಕ್ ಕೆಡಲು ಶುರುವಾದರೆ ಆಮ್ಲದ ಗಾಳಿ ಬಿಡುತ್ತದೆ, ಪಕ್ಕದ ಬ್ಲೇಡುಗಳೂ ತುಕ್ಕು ಹಿಡಿಯುತ್ತವೆ.

ಇನ್ನು ಬೆಲೆಯ ವಿಚಾರ. ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಬೆಲೆ ಬರುವುದು ಒಮ್ಮೆಯೂ ಮಸೆಯದ, ಒಮ್ಮೆಯೂ ಏನನ್ನೂ ಕೊಯ್ಯದ ಚಾಕುವಿಗೆ. ಮಸೆದಷ್ಟೂ ಬ್ಲೇಡ್ ಸವೆಯುತ್ತದೆ, ಬೆಲೆ ಇಳಿಯುತ್ತದೆ. ಆದ್ದರಿಂದ ಸವೆದ ಬ್ಲೇಡ್ ತೆಗೆದು ಬೇರೆ ಬ್ಲೇಡ್ ಕೂರಿಸಿ ಮಾರುವ ಮೋಸಗಾರರಿದ್ದಾರೆ, ಹಳೆಯ ಮುದ್ರೆ ಹೊಸದಾಗಿ ಒತ್ತುವವರೂ ಇದ್ದಾರೆ. ನಲವತ್ತು ವರ್ಷ ಒಬ್ಬರ ಜೇಬಿನಲ್ಲಿದ್ದು ದುಡಿದ ಚಾಕುವಿಗೆ ಎರಡು ಡಾಲರ್. ಪೆಟ್ಟಿಗೆಯಲ್ಲಿ ಮಲಗಿದ್ದ ಅದರ ಜೊತೆಗಾರನಿಗೆ ಇನ್ನೂರು.

ನನಗೆ ಈ ಲೆಕ್ಕ ಒಗ್ಗಲಿಲ್ಲ. ಒಂದು ಹೈನುಗಾರಿಕೆ ಮನೆಯ ಮಾರಾಟದಲ್ಲಿ ಕೊಟ್ಟಿಗೆ ಖಾಲಿಯಾಗಿತ್ತು, ಹಾಲು ಕರೆಯುವ ಯಂತ್ರಕ್ಕೂ ಚೀಟಿ ಅಂಟಿಸಿದ್ದರು. ಅಲ್ಲಿ ಸಿಕ್ಕ ಸ್ಟಾಕ್‌ಮನ್‌ನ ದೊಡ್ಡ ಬ್ಲೇಡ್ ಅರ್ಧಕ್ಕರ್ಧ ಸವೆದು ಹಲ್ಲುಕಡ್ಡಿಯಂತಾಗಿತ್ತು. ಹಿಡಿಯ ಗೆರೆಗಳು ಹೆಬ್ಬೆರಳು ಕೂರುವ ಕಡೆ ಮಾತ್ರ ನುಣುಪಾಗಿದ್ದವು. ಹಣ ತೆಗೆದುಕೊಂಡ ಅಜ್ಜಿ, "ಹುಲ್ಲಿನ ಪಿಂಡಿಯ ದಾರ ಕೊಯ್ಯುತ್ತಿದ್ದರು, ಊಟವಾದ ಮೇಲೆ ಸೇಬು ಸುಲಿಯುತ್ತಿದ್ದರು, ಅದೇ ಚಾಕುವಿನಲ್ಲಿ" ಎಂದರು. "ತೊಳೆಯುತ್ತಿದ್ದರಾ?" ಎಂದೆ. "ಪ್ಯಾಂಟಿಗೆ ಒರೆಸುತ್ತಿದ್ದರು" ಎಂದು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅಂದಿನಿಂದ ನಾನು ಕೊಳ್ಳುವುದು ಸವೆದವುಗಳನ್ನೇ.

ತಯಾರಿಸಿದ ಕಾರ್ಖಾನೆಗಳೂ ಎಷ್ಟೋ ಈಗ ಇಲ್ಲ. ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿ ಇಂಪೀರಿಯಲ್ ಶ್ರೇಡ್ 2004ರಲ್ಲಿ ಬಾಗಿಲು ಹಾಕಿತು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಚಾಕು ಮಾಡಿಕೊಟ್ಟ ಕ್ಯಾಮಿಲಸ್ 2007ರಲ್ಲಿ ಮುಚ್ಚಿತು. ಕೇಸ್ ಉಳಿದಿದೆ. 1993ರಲ್ಲಿ ಅದೇ ಊರಿನ ಲೈಟರ್ ಕಂಪನಿ ಜಿಪ್ಪೋ ಅದನ್ನು ಕೊಂಡುಕೊಂಡಿತು.

ಹನ್ನೊಂದರಲ್ಲಿ ಒಂದು ಚಾಕು ಮಾತ್ರ ಸವೆದದ್ದಲ್ಲ. ಒಂದು ಡಬ್ಬಿ ಉಪಕರಣ ಕೊಂಡಾಗ ತಳದಲ್ಲಿ, ಎಣ್ಣೆ ಕಾಗದದಲ್ಲಿ ಸುತ್ತಿದ್ದು ಸಿಕ್ಕಿತು. ಮುದ್ರೆ 'ಕೇಸ್ ಎಕ್ಸ್ಎಕ್ಸ್ ಯುಎಸ್ಎ', ಅಂದರೆ 1965ರಿಂದ 1969ರ ನಡುವಿನದು. ಸಂಖ್ಯೆ 5254. ಕೊನೆಯ 54 ಟ್ರ್ಯಾಪರ್ ಮಾದರಿ, 2 ಎಂದರೆ ಎರಡು ಬ್ಲೇಡ್, ಮೊದಲ 5 ಎಂದರೆ ಜಿಂಕೆ ಜಾತಿಯ ಕೊಂಬಿನ ಹಿಡಿ.

ಆ ಕಾಲದಲ್ಲಿ ಶೆಫೀಲ್ಡ್‌ನವರೂ ಅಮೆರಿಕದವರೂ ಇಷ್ಟಪಟ್ಟು ತರಿಸುತ್ತಿದ್ದುದು ಭಾರತದ ಕಡವೆಯ ಕೊಂಬನ್ನು. ಬೇರೆ ಜಿಂಕೆಗಳ ಕೊಂಬಿನ ಒಳಗೆ ತಿರುಳು ಹೆಚ್ಚು. ಕಡವೆಯದು ಗಟ್ಟಿ, ಮೇಲ್ಮೈ ಮರದ ತೊಗಟೆಯಂತೆ ಒರಟು, ಕೈಯಲ್ಲಿ ಜಾರದು. ಗಂಡು ಕಡವೆ ಉದುರಿಸಿದ ಕೊಂಬುಗಳನ್ನು ಕಾಡಿನ ಅಂಚಿನ ಜನ ಆರಿಸುತ್ತಿದ್ದರು, ಅವು ಹಡಗೇರಿ ಹೋಗುತ್ತಿದ್ದವು. 1998ರಲ್ಲಿ ಭಾರತ ಈ ರಫ್ತನ್ನು ನಿಷೇಧಿಸಿತು. ಆಮೇಲೆ ಕೊಂಬಿನ ಹಿಡಿಯ ಚಾಕುಗಳ ಬೆಲೆ ಏರುತ್ತಲೇ ಹೋಯಿತು.

ಬಂಡೀಪುರ, ನಾಗರಹೊಳೆಯ ಸುತ್ತಲಿನ ಓದುಗರಿಗೆ ಗೊತ್ತು, ಕಾಡಿನಲ್ಲಿ ಉದುರಿದ ಕೊಂಬನ್ನು ಮನೆಗೆ ತಂದಿಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಿಡುವುದಿಲ್ಲ. "ತಾನಾಗಿ ಬಿದ್ದದ್ದಲ್ಲವೇ, ಯಾರಿಗೆ ನಷ್ಟ?" ಎಂದು ಕೇಳುವವರಿದ್ದಾರೆ. ಈ ಚಾಕುವನ್ನು ಕೈಯಲ್ಲಿ ಹಿಡಿದಾಗ ನನಗೆ ಉತ್ತರ ತಿಳಿಯಿತು. ಕೊಂಬನ್ನು ಸೀಳಿ, ಉಜ್ಜಿ, ಹಿತ್ತಾಳೆ ಮೊಳೆ ಹೊಡೆದು ಕೂರಿಸಿದ ಮೇಲೆ ಅದು ಉದುರಿದ ಕೊಂಬೋ ಗುಂಡಿಗೆ ಬಿದ್ದ ಕಡವೆಯದೋ ಯಾವ ಕಣ್ಣಿಗೂ ಕಾಣದು. ಕಂಪನಿ ತನ್ನ ಹೆಸರು ಒತ್ತಿದೆ, ಮಾದರಿಯ ಸಂಖ್ಯೆ ಒತ್ತಿದೆ. ಕೊಂಬು ಯಾವ ಕಾಡಿನದು, ಆರಿಸಿದವರು ಯಾರು, ಅವರ ಕೈಗೆ ಎಷ್ಟು ಕಾಸು ಬಂತು ಎಂಬುದಕ್ಕೆ ಒಂದು ಚುಕ್ಕಿಯೂ ಇಲ್ಲ.

ಮುಂದಿನ ತಿಂಗಳು ನಾವು ಊರಿಗೆ ಮರಳುತ್ತಿದ್ದೇವೆ. ಹತ್ತು ಚಾಕುಗಳನ್ನು ದೊಡ್ಡ ಲಗೇಜಿನಲ್ಲಿ ಹಾಕಿ ಕಳಿಸುತ್ತೇನೆ. 5254 ಬರುವುದಿಲ್ಲ. ನಮ್ಮ ಕಾಡಿನಿಂದ ಹೊರಟ ಕೊಂಬು ನಮ್ಮ ನೆಲಕ್ಕೆ ಮರಳುವಂತಿಲ್ಲ ಎಂಬುದು ವಿಚಿತ್ರವಾಗಿ ಕೇಳಿಸಬಹುದು. ಕಾಡಲ್ಲಿ ಉಳಿದ ಕಡವೆಗಳ ದೃಷ್ಟಿಯಿಂದ ನೋಡಿದರೆ ಕಾನೂನು ಸರಿ.

ಮಾರಬಹುದಿತ್ತು, ನಾಲ್ಕು ಕಾಸು ಬರುತ್ತಿತ್ತು. ಆದರೆ ನನಗೆ ಮುದ್ರೆ ಓದಲು ಕಲಿಸಿದವರು ಇಲ್ಲಿನ ಸಂತೆಯಲ್ಲಿ ಚಾಕು ಮಾರುವ ಒಬ್ಬ ನಿವೃತ್ತ ಕಾರ್ಮಿಕ. ಅವರಿಗೆ ಕೊಟ್ಟೆ. ಕೊಂಬಿನ ಕತೆಯನ್ನೂ ಹೇಳಿದೆ. "ಮಾರಬೇಡಿ, ಬಳಸಿ" ಎಂದೆ. "ಮಸೆದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ, ಗೊತ್ತಲ್ಲ?" ಎಂದರು. ಗೊತ್ತು ಎಂದೆ. ಅವರು ಕನ್ನಡಕ ಏರಿಸಿ, ಸಾಣೆಕಲ್ಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಐವತ್ತು ವರ್ಷಕ್ಕೂ ಮೀರಿ ಏನನ್ನೂ ಕೊಯ್ಯದ ಆ ಬ್ಲೇಡನ್ನು ಮಸೆಯತೊಡಗಿದರು.