ಅಣ್ಣನ ಮಾತು

ಕೇಶಿರಾಜನ ಶಬ್ದಮಣಿದರ್ಪಣವನ್ನು ನಾನು ಇಪ್ಪತ್ತೈದು ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ. ಹದಿಮೂರನೆಯ ಶತಮಾನದ ಈ ಜೈನ ವೈಯಾಕರಣನು ಗ್ರಂಥದ ಮೊದಲ ಭಾಗದಲ್ಲಿಯೇ ಶಬ್ದವು ಹುಟ್ಟುವ ಬಗೆಯನ್ನು ವಿವರಿಸುತ್ತಾನೆ. ಜೀವನು ನುಡಿಯಲು ಇಚ್ಛಿಸಬೇಕು. ಅದಕ್ಕೆ ಅನುಕೂಲವಾದ ವಾಯುವೂ ಒದಗಬೇಕು. ಆಗ ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯವು ಜನಿಸುತ್ತದೆ ಎಂಬುದು ಅವನ ನಿರೂಪಣೆ. ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳುತ್ತಾರೆ, ನಾನು ಮುಂದಿನ ಸೂತ್ರಕ್ಕೆ ಹೋಗುತ್ತೇನೆ. ಇಚ್ಛೆಯಿದ್ದೂ ವಾಯು ಒದಗದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ನನಗೆ ಎಂದೂ ಹುಟ್ಟಿರಲಿಲ್ಲ. 2022ರ ಡಿಸೆಂಬರಿನಲ್ಲಿ ನನ್ನ ಅಣ್ಣನಿಗೆ ಪಾರ್ಶ್ವವಾಯು ಬಡಿದ ಮೇಲೆ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಮ್ಮೂರು ಬೇತಮಂಗಲ. ಬಾಣ ಅರಸರ ವಿಜಯಾದಿತ್ಯನ ಹೆಸರು ಹೊತ್ತ ವಿಜಯಾದಿತ್ಯಮಂಗಲವೇ ಇಂದಿನ ಬೇತಮಂಗಲ. ಪಾಲಾರ್ ನದಿಗೆ ಕಟ್ಟಿದ ಇಲ್ಲಿಯ ದೊಡ್ಡ ಕೆರೆಯ ನೀರು ಕೋಲಾರ ಚಿನ್ನದ ಗಣಿಯ ಊರಿಗೆ ಹೋಗುತ್ತಿತ್ತು; ನೀರಿನ ಹಿಂದೆಯೇ ನಮ್ಮೂರಿನ ಗಂಡಸರೂ ಗಣಿಗೆ ಹೋಗುತ್ತಿದ್ದರು. ಅಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ಹತ್ತನೆಯ ತರಗತಿ ಮುಗಿಸಿ ಗಣಿಗೆ ಸೇರಿ, 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚುವವರೆಗೂ ಅಲ್ಲಿಯೇ ದುಡಿದ. ನೆಲದ ಕೆಳಗೆ ಇಳಿದು ಅವನು ತಂದ ಸಂಬಳದಲ್ಲಿಯೇ ನಾನು ಎಂ.ಎ. ಓದಿದ್ದು. ಗಣಿ ಮುಚ್ಚಿದ ಮೇಲೆ ಊರಿನಲ್ಲಿ ಚಿಕ್ಕ ಅಂಗಡಿಯಿಟ್ಟ. ನನಗೆ ಪಿಎಚ್.ಡಿ. ಬಂದಾಗ ಅಂಗಡಿಗೆ ಬಂದವರಿಗೆಲ್ಲ ಸಕ್ಕರೆ ಹಂಚಿದನಂತೆ.

ಆ ದಿನ ಬೆಳಗ್ಗೆ ಆರೂವರೆಗೆ ಅಣ್ಣನ ಮಗ ಫೋನ್ ಮಾಡಿದ: “ಚಿಕ್ಕಪ್ಪ, ಅಪ್ಪನ ಬಾಯಿ ಒಂದು ಕಡೆ ಸೊಟ್ಟಗಾಗಿದೆ, ಲೋಟ ಕೈಯಿಂದ ಜಾರಿತು.” ನಾನು ಹೇಳಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. “ಸುಸ್ತಾಗಿರಬೇಕು, ಮಲಗಿಸು, ಪರೀಕ್ಷಾ ಕೆಲಸ ಮುಗಿಸಿ ಬರುತ್ತೇನೆ” ಎಂದೆ. ಮನೆಯ ವಿದ್ಯಾವಂತನ ಮಾತೆಂದು ಅವರು ನಂಬಿದರು. ಯಾರೋ ಎಣ್ಣೆ ಹಚ್ಚಿ ತಿಕ್ಕಿದರು. ನಾನು ಊರು ಸೇರಿದಾಗ ಹನ್ನೊಂದು ಗಂಟೆ. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಕರೆದೊಯ್ದೆವು. ಅಲ್ಲಿ ವೈದ್ಯರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಶುರುವಾದದ್ದು ಎಷ್ಟು ಗಂಟೆಗೆ?” ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಅವಧಿ ನನ್ನ ಒಂದು ಮಾತಿನಿಂದ ಕಳೆದುಹೋಗಿತ್ತು.

ಜೀವ ಉಳಿಯಿತು, ಮಾತು ಹೋಯಿತು. ಬಹುತೇಕ ಜನರಲ್ಲಿ ಭಾಷೆಯ ನೆಲೆ ಮಿದುಳಿನ ಎಡಭಾಗದಲ್ಲಿದೆ. ಬಲಗೈಯೊಂದಿಗೆ ಮಾತೂ ಸೋಲುವುದು ಅದರಿಂದಲೇ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಇಂಥ ಒಬ್ಬ ರೋಗಿಯನ್ನು ಕುರಿತು ಬರೆದನು. ಅವನಿಗೆ ಹೇಳಿದ್ದು ಅರ್ಥವಾಗುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದುದು ‘ಟಾನ್’ ಎಂಬ ಒಂದೇ ಸದ್ದು. ನನ್ನ ಅಣ್ಣನಿಗೆ ಉಳಿದಿದ್ದುದು ‘ಅದು’ ಎಂಬ ಒಂದೇ ಪದ. ನೀರು ಬೇಕಾದರೂ ಅದು, ನೋವಾದರೂ ಅದು, ಅತ್ತಿಗೆಯನ್ನು ಕರೆಯಬೇಕಾದರೂ ಅದು.

ಮಾತು ಕಲಿಸುವುದು ನನ್ನ ವೃತ್ತಿಯಲ್ಲವೇ ಎಂಬ ಭರವಸೆಯಿಂದ ಶನಿವಾರ, ಭಾನುವಾರ ಊರಿಗೆ ಹೋಗಲಾರಂಭಿಸಿದೆ. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ತಲೆ, ಕೈ, ಲೋಟ, ಬಾಗಿಲು ಎಂದು ಬರೆದೆ. ಅವನು ತಡವರಿಸಿದರೆ ನಾನೇ ಪೂರ್ತಿಮಾಡುತ್ತಿದ್ದೆ, ತಪ್ಪಿದರೆ ತಿದ್ದುತ್ತಿದ್ದೆ. ಮೂರನೆಯ ವಾರ ಅಣ್ಣ ರಟ್ಟನ್ನು ಎಡಗೈಯಿಂದ ತಳ್ಳಿ ಗೋಡೆಯ ಕಡೆಗೆ ಮುಖ ತಿರುಗಿಸಿದ. ಅವನ ಕಣ್ಣಲ್ಲಿ ನೀರಿತ್ತು. ಅತ್ತಿಗೆ ಅಡುಗೆಮನೆಯಿಂದ ಬಂದು, “ಪಾಠ ಸಾಕಪ್ಪ, ಸುಮ್ನೆ ಪಕ್ಕದಲ್ಲಿ ಕೂತ್ಕೊ” ಎಂದರು. ಮುಂದೆ ವಾಕ್ ಚಿಕಿತ್ಸಕಿಯೂ ಅದನ್ನೇ ಹೇಳಿದರು: ಅವರ ಮಾತನ್ನು ನೀವು ಮುಗಿಸಬೇಡಿ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ.

ಆಕೆ ಕೇಳಿದ ಇನ್ನೊಂದು ಪ್ರಶ್ನೆ, “ಇವರಿಗೆ ಯಾವ ಯಾವ ಭಾಷೆ ಬರುತ್ತವೆ?” ಕೋಲಾರ ಜಿಲ್ಲೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ನಮ್ಮ ಮನೆಮಾತು ತೆಲುಗು, ಶಾಲೆಯ ಭಾಷೆ ಕನ್ನಡ, ಅಣ್ಣನ ಗಣಿಯ ಭಾಷೆ ತಮಿಳು. ಬಹುಭಾಷಿಕರಲ್ಲಿ ಮೊದಲು ಮರಳುವುದು ಬಾಲ್ಯದಲ್ಲಿ ಕಲಿತ ಭಾಷೆಯೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರಿಬೋ ಭಾವಿಸಿದ್ದನು. ಹೆಚ್ಚು ಬಳಕೆಯಲ್ಲಿದ್ದ ಭಾಷೆಯೆಂದು 1895ರಲ್ಲಿ ಪಿತ್ರೆ ವಾದಿಸಿದನು. ಎರಡಕ್ಕೂ ಹೊಂದದ ರೋಗಿಗಳೂ ಇದ್ದಾರೆ.

ನಾಲ್ಕನೆಯ ತಿಂಗಳು ಅಣ್ಣನನ್ನು ಕೆರೆಯ ಏರಿಯ ಮೇಲೆ ನಡೆಸುತ್ತಿದ್ದೆ. ಕೋಲೂರಿ ಹೆಜ್ಜೆಯಿಡುತ್ತ ಅವನು ಇದ್ದಕ್ಕಿದ್ದಂತೆ ಸ್ಪಷ್ಟವಾಗಿ ಎಣಿಸತೊಡಗಿದ: ಒಣ್ಣು, ರೆಂಡು, ಮೂಣು, ನಾಲು. ಎಣಿಕೆ, ವಾರಗಳ ಹೆಸರು, ಹಾಡು, ಪ್ರಾರ್ಥನೆ ಮುಂತಾಗಿ ಸಾಲಾಗಿ ರೂಢಿಯಾದ ನುಡಿಗಳು ಉಳಿದ ಮಾತು ಹೋದಾಗಲೂ ಎಷ್ಟೋ ಜನರಲ್ಲಿ ಉಳಿದಿರುತ್ತವೆ ಎಂದು ಆಮೇಲೆ ತಿಳಿಯಿತು. ಅಂದು ನನಗೆ ಸಂತೋಷದ ಜೊತೆಗೆ ಒಂದು ಸಣ್ಣ ಕಸಿವಿಸಿಯೂ ಆಯಿತು. ನಾನು ವಾರವಾರವೂ ಹೊತ್ತು ತಂದಿದ್ದ ಕನ್ನಡವಲ್ಲ, ಗಣಿಯ ತಮಿಳು ಅವನನ್ನು ನಡೆಸಿತ್ತು. ಮನೆಯಲ್ಲಿ ತಮಿಳಾಡಿ ಕನ್ನಡದಲ್ಲಿ ಬರೆದ ಮಾಸ್ತಿಯವರೂ ಇದೇ ಜಿಲ್ಲೆಯವರೆಂದು ಪಾಠ ಹೇಳುವ ನನಗೆ ಆ ಕಸಿವಿಸಿ ಬರಬಾರದಿತ್ತು. ಮರುದಿನ ನಾನೂ ಅವನೊಂದಿಗೆ ತಮಿಳಿನಲ್ಲಿ ಎಣಿಸಿದೆ. ನನ್ನ ಉಚ್ಚಾರಣೆ ಕೇಳಿ ಅಣ್ಣ ನಕ್ಕ. ಕಾಯಿಲೆಯಾದ ಮೇಲೆ ಅವನು ಬಾಯಿತುಂಬ ನಕ್ಕಿದ್ದು ಅದೇ ಮೊದಲು. ತೆಲುಗು ಮೊಮ್ಮಕ್ಕಳ ಹೆಸರುಗಳೊಂದಿಗೆ ಬಂತು, ಕನ್ನಡ ಕೊನೆಗೆ.

ಚೇತರಿಕೆ ಮೊದಲ ಮೂರರಿಂದ ಆರು ತಿಂಗಳಲ್ಲಿ ವೇಗವಾಗಿದ್ದು, ಆಮೇಲೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ರಕ್ತದೊತ್ತಡದ ಮಾತ್ರೆ ಒಂದು ದಿನವೂ ತಪ್ಪಬಾರದು. ಈ ದುಡಿಮೆಯ ಬಹುಪಾಲು ಅತ್ತಿಗೆಯದು; ವಾರಕ್ಕೆರಡು ದಿನ ಬರುವ ನಾನು ಅದನ್ನು ನನ್ನದೆಂದು ಹೇಳಿಕೊಳ್ಳಲಾರೆ. ನಿಮ್ಹಾನ್ಸ್ ಸಹಯೋಗದೊಡನೆ 2022ರಲ್ಲಿ ಆರಂಭವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್‌ಗೆ ಮೊದಲು ಆಯ್ದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ. ಇವನ್ನೆಲ್ಲ ನಾನು ತಿಳಿದುಕೊಂಡದ್ದು ತಡವಾಗಿ.

ಆ ಫೋನಿನ ವಿಷಯವನ್ನು ಕಳೆದ ವರ್ಷ ಅಣ್ಣನಿಗೆ ಹೇಳಿದೆ. ಅವನು ಬಹಳ ಹೊತ್ತು ಪದ ಹುಡುಕಿದ. ನಾನು ಮುಗಿಸಲು ಹೋಗಲಿಲ್ಲ. ಏರಿಯ ಕೊನೆ ಮುಟ್ಟಿದ ಮೇಲೆ, “ಬಿಡು... ಊಟಕ್ಕೆ... ಹೋಗೋಣ” ಎಂದ.

ಈಗ ಕೇಶಿರಾಜನ ಆ ಭಾಗವನ್ನು ಪಾಠ ಹೇಳುವಾಗ ಇಚ್ಛೆ ಮತ್ತು ವಾಯು ಎಂಬಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮನೆಯಲ್ಲಿ ಯಾರದಾದರೂ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಳ್ಳಿ, ಯಾರನ್ನೂ ಕೇಳದೆ ಆಸ್ಪತ್ರೆಗೆ ಹೊರಡಿ ಎಂದು ಹೇಳುತ್ತೇನೆ. ವ್ಯಾಕರಣದ ತರಗತಿಯಲ್ಲಿ ಇದೇಕೆ ಎಂದು ವಿದ್ಯಾರ್ಥಿಗಳು ಇದುವರೆಗೆ ಕೇಳಿಲ್ಲ.