ಲಾಸ್ ವೇಗಾಸಿನ ಅಡವಿನಂಗಡಿ

ಅಮೆರಿಕದ ನೆವಾಡ ರಾಜ್ಯದ ಲಾಸ್ ವೇಗಾಸ್ ನಗರವು ಹುಟ್ಟಿದ್ದೇ ಒಂದು ಹರಾಜಿನಲ್ಲಿ. 1905ನೆಯ ಮೇ 15ರಂದು ರೈಲ್ವೆ ಕಂಪೆನಿಯವರು ಮರುಭೂಮಿಯ ನಡುವೆ ನಿವೇಶನಗಳನ್ನು ಗುರುತು ಮಾಡಿ, ಸುಡುಬಿಸಿಲಿನಲ್ಲಿ ನೆರೆದ ಜನಕ್ಕೆ ಕೂಗಿ ಮಾರಿದರು. 1931ರಲ್ಲಿ ಆ ರಾಜ್ಯವು ಜೂಜಿಗೆ ಕಾನೂನಿನ ಮನ್ನಣೆಯನ್ನಿತ್ತಿತು. ಜೂಜಿನ ಮನೆಯಿರುವಲ್ಲಿ ಅಡವಿನಂಗಡಿ ಇಲ್ಲದಿದ್ದೀತೆ? ಸೋತವನ ಬೆರಳಿನ ಉಂಗುರವೂ ಕೈಯ ಗಡಿಯಾರವೂ ಬೆಳಗಾಗುವುದರೊಳಗೆ ಎಲ್ಲಿಯಾದರೂ ಹೋಗಿ ಸೇರಲೇಬೇಕಷ್ಟೆ.

ಅಂಥ ಅಂಗಡಿಗಳಲ್ಲೊಂದು ಇಂದು ಲೋಕಪ್ರಸಿದ್ಧವಾಗಿದೆ. ‘ಗೋಲ್ಡ್ ಆಂಡ್ ಸಿಲ್ವರ್ ಪಾನ್ ಶಾಪ್’ ಎಂದು ಅದರ ಹೆಸರು. ನೌಕಾದಳದಲ್ಲಿ ದುಡಿದು ಬಂದ ರಿಚರ್ಡ್ ಹ್ಯಾರಿಸನ್ ಎಂಬವರೂ ಅವರ ಮಗ ರಿಕ್ ಎಂಬವರೂ ಸೇರಿ 1980ರ ದಶಕದ ಕೊನೆಯಲ್ಲಿ ಇದನ್ನು ತೆರೆದರು. ನಗರದ ಜನಸಂಖ್ಯೆ ಇಂತಿಷ್ಟು ಮುಟ್ಟಿದ ಮೇಲೆಯೇ ಹೊಸ ಅಡವಿನಂಗಡಿಗೆ ಪರವಾನಗಿ ಎಂಬ ನಿಯಮ ಅಲ್ಲಿತ್ತಂತೆ. ರಿಕ್ ಮಹಾಶಯರು ಜನಗಣತಿಯ ಅಧಿಕಾರಿಗೆ ಮತ್ತೆ ಮತ್ತೆ ಫೋನು ಮಾಡಿ, ಸಂಖ್ಯೆ ತುಂಬಿದೊಡನೆ ಅರ್ಜಿ ಹಾಕಿ ಪರವಾನಗಿ ಪಡೆದರಂತೆ. ಇಂಥ ಹಟವಾದಿಗಳಿಗೆ ವ್ಯಾಪಾರ ಒಲಿಯದೆ ಇನ್ನಾರಿಗೆ ಒಲಿಯಬೇಕು! 2009ನೆಯ ಜುಲೈ ತಿಂಗಳಿನಿಂದ ಹಿಸ್ಟರಿ ವಾಹಿನಿಯಲ್ಲಿ ‘ಪಾನ್ ಸ್ಟಾರ್ಸ್’ ಎಂಬ ಹೆಸರಿನಲ್ಲಿ ಈ ಅಂಗಡಿಯ ವ್ಯವಹಾರವು ಟೆಲಿವಿಷನ್ನಿಗೆ ಬಂತು. ಅಜ್ಜ, ಮಗ, ಮೊಮ್ಮಗ, ಮೊಮ್ಮಗನ ಬಾಲ್ಯದ ಗೆಳೆಯ, ಈ ನಾಲ್ವರು ಮನೆಮನೆಗೂ ಪರಿಚಿತರಾದರು. ಅಜ್ಜ 2018ರಲ್ಲಿ ತೀರಿಕೊಂಡರು. ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲಿಯೂ ಈ ಕಾರ್ಯಕ್ರಮವನ್ನು ಕಂಡವರು ಕಡಿಮೆಯಿಲ್ಲ. ಅಟ್ಟ ಹತ್ತಿ ಹಳೆಯ ನಾಣ್ಯ ಹುಡುಕಿ, ಅದನ್ನು ಕಿಸೆಯಲ್ಲಿಟ್ಟುಕೊಂಡು ಶಾಲೆಗೆ ಬರುವ ಹುಡುಗರನ್ನು ನಾನು ನೋಡಿದ್ದೇನೆ.

ಬೇಸಗೆಯ ರಜೆಯಲ್ಲಿ ಮಗಳ ಮನೆಗೆಂದು ಲಾಸ್ ಏಂಜಲೀಸಿಗೆ ಹೋಗಿದ್ದಾಗ ಈ ಅಂಗಡಿಯನ್ನು ಕಣ್ಣಾರೆ ನೋಡುವ ಸಂದರ್ಭವೊದಗಿತು. ಅಲ್ಲಿಂದ ಲಾಸ್ ವೇಗಾಸಿಗೆ ಸುಮಾರು 430 ಕಿಲೋಮೀಟರು. ಬಾರ್‌ಸ್ಟೋ ಎಂಬ ಊರು ದಾಟಿದ ಮೇಲೆ ಮೊಹಾವಿ ಮರುಭೂಮಿ ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿದೆ. ನಮ್ಮ ಕಳ್ಳಿಯ ದಾಯಾದಿಗಳಂತೆ ತೋರುವ ಜೋಶುವಾ ಮರಗಳು ಕೈಯೆತ್ತಿ ನಿಂತಿವೆ. ಹಸಿರು ಕಂಡು ಬೆಳೆದ ಕರಾವಳಿಯವನಿಗೆ ಆ ಬಯಲು ಮೊದಲು ಭಯವನ್ನೂ ಆಮೇಲೆ ಒಂದು ಬಗೆಯ ಗೌರವವನ್ನೂ ಹುಟ್ಟಿಸುತ್ತದೆ. “ಮಾವ, ದೀಪಾಲಂಕಾರದ ಬೀದಿಗೆ ಮೊದಲು ಹೋಗೋಣವೆ?” ಎಂದು ಅಳಿಯಂದಿರು ಕೇಳಿದರು. ಮೊದಲು ಅಡವಿನಂಗಡಿ, ದೀಪ ರಾತ್ರಿಗಿರಲಿ ಎಂದೆ.

ಅಂಗಡಿಯಿರುವುದು ದೊಡ್ಡ ಹೋಟೆಲುಗಳ ಸಾಲಿನಲ್ಲಲ್ಲ. ಅಲ್ಲಿಂದ ಉತ್ತರಕ್ಕೆ, ಹಳೆಯ ಪೇಟೆಯ ಹಾದಿಯಲ್ಲಿ. ಸುತ್ತಮುತ್ತ ಅರ್ಧ ಗಂಟೆಯಲ್ಲಿ ಮದುವೆ ಮಾಡಿಸಿ ಕಳುಹಿಸುವ ಪುಟ್ಟ ಪುಟ್ಟ ಮದುವೆ ಮಂದಿರಗಳಿವೆ. ಉಂಗುರ ತೊಡಿಸುವ ಮನೆಯೂ ಉಂಗುರ ಅಡವಿಡುವ ಮನೆಯೂ ಒಂದೇ ಬೀದಿಯಲ್ಲಿರುವುದನ್ನು ಕಂಡು ನನ್ನ ಮನೆಯವರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಟೆಲಿವಿಷನ್ನಿನಲ್ಲಿ ವಿಶಾಲವಾಗಿ ಕಾಣುವ ಅಂಗಡಿ ನಿಜದಲ್ಲಿ ಎಷ್ಟು ಚಿಕ್ಕದು! ಗಾಜಿನ ಪೆಟ್ಟಿಗೆಗಳಲ್ಲಿ ನಾಣ್ಯ, ಕೈಗಡಿಯಾರ, ಕ್ರೀಡಾವೀರರು ಗೆದ್ದ ಉಂಗುರಗಳು ಇವೆ, ಸುಳ್ಳಲ್ಲ. ಆದರೆ ಜನ ಮುತ್ತುವುದು ಅವುಗಳ ಸುತ್ತಲಲ್ಲ, ಆ ನಾಲ್ವರ ಮುಖ ಅಚ್ಚು ಹಾಕಿದ ಅಂಗಿಗಳ ಸುತ್ತ. ಆ ಮುಖಗಳ ಒಡೆಯರಂತೂ ಕಟ್ಟೆಯ ಹಿಂದೆ ಇರಲಿಲ್ಲ. ಅಲ್ಲಿ ನಿಂತು ಕೆಲಸ ಮಾಡುವವರು ನಮಗೆ ಪರಿಚಯವಿಲ್ಲದ ನೌಕರರು.

ಅವರು ಯಾಕಿಲ್ಲ ಎಂಬ ಪ್ರಶ್ನೆಯಲ್ಲಿಯೇ ಈ ಕಾರ್ಯಕ್ರಮದ ಸತ್ಯಾಸತ್ಯವು ಅಡಗಿದೆ ಎನ್ನಬಹುದು. ವಸ್ತುವನ್ನು ಅಡವಿಡಲು ಬಂದವನ ಗುರುತನ್ನು ಬಯಲು ಮಾಡಕೂಡದೆಂದು ಅಲ್ಲಿ ಕಾನೂನಿದೆ. ಪ್ರವಾಸಿಗರು ಹಗಲೆಲ್ಲ ಛಾಯಾಚಿತ್ರ ತೆಗೆಯುತ್ತಿರುವಾಗ ಆ ಪ್ರಸಿದ್ಧರು ಕಟ್ಟೆಯಲ್ಲಿ ನಿಂತರೆ ಗಿರಾಕಿಯ ಮಾನ ಉಳಿಯುವುದು ಹೇಗೆ? ಆದಕಾರಣ ಚಿತ್ರೀಕರಣದ ಹೊತ್ತಿಗೆ ಅಂಗಡಿಯನ್ನು ಮುಚ್ಚುತ್ತಾರೆ. ಹಿಂದೆ ಮುಂದೆ ಓಡಾಡಲು ಬೆರಳೆಣಿಕೆಯ ಜನರನ್ನು ಮಾತ್ರ ಒಳಗೆ ಬಿಡುತ್ತಾರೆ. ಬಾಗಿಲು ತೆರೆದು, ಕಂಕುಳಲ್ಲಿ ಹಳೆಯ ಬಂದೂಕು ಹಿಡಿದು ‘ಆಕಸ್ಮಿಕವಾಗಿ’ ಒಳಬರುವ ಆಸಾಮಿಯು ತನ್ನ ವಸ್ತುವಿನ ವಿವರವನ್ನು ಮುಂಚೆಯೇ ತಿಳಿಸಿ, ಆಯ್ಕೆಯಾಗಿ, ಒಪ್ಪಿಗೆಪತ್ರಕ್ಕೆ ರುಜು ಹಾಕಿ ಬಂದವನು. ಪರಿಣತರು ಬರುವುದೂ ಮೊದಲೇ ಗೊತ್ತಾದ ಏರ್ಪಾಡು.

ಹಾಗೆಂದು ಎಲ್ಲವೂ ನಾಟಕವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಸ್ತುಗಳು ನಿಜ. ಅವುಗಳ ಬಗ್ಗೆ ಹೇಳುವ ಚರಿತ್ರೆಯೂ ಬಹುಮಟ್ಟಿಗೆ ನಿಜ. ಆ ಪ್ರಾಂತದ ವಸ್ತುಸಂಗ್ರಹಾಲಯಗಳ ಆಡಳಿತಾಧಿಕಾರಿಯಾಗಿದ್ದ ಮಾರ್ಕ್ ಹಾಲ್-ಪ್ಯಾಟನ್ ಎಂಬ ಗಡ್ಡದ ಮಹನೀಯರು ಒಂದು ಹಳೆಯ ಕಾಗದವನ್ನು ಹಿಡಿದು ವಿವರಿಸುವ ರೀತಿ, ತರಗತಿಯಲ್ಲಿ ನಿಲ್ಲುವ ನಮ್ಮಂಥವರು ಕಲಿಯತಕ್ಕದ್ದು. ಬೆಲೆಯ ಚೌಕಾಸಿಯಲ್ಲಿಯೂ ಒಂದು ಸತ್ಯವಿದೆ. ಸಾವಿರ ಡಾಲರಿನ ವಸ್ತುವಿಗೆ ಅಂಗಡಿಯವನು ಸಾವಿರ ಕೊಡಲಾರ. ಬಾಡಿಗೆ, ದುರಸ್ತಿ, ಕಪಾಟಿನಲ್ಲಿ ಧೂಳು ತಿನ್ನುವ ತಿಂಗಳುಗಳು, ಹರಾಜಿನವರ ಕಮಿಷನ್ ಎಲ್ಲವನ್ನೂ ಕಳೆದೇ ಅವನು ಮಾತಾಡಬೇಕು. ಆದರೆ ಒಂದು ಸಂಗತಿಯನ್ನು ಮಾತ್ರ ನನ್ನ ಮನಸ್ಸು ಒಪ್ಪದು. ಮಾರುವವನ ಎದುರಿಗೇ ಪರಿಣತನನ್ನು ಕರೆಸಿ, ನಿಜಬೆಲೆಯನ್ನು ಗಟ್ಟಿಯಾಗಿ ಹೇಳಿಸಿ, ಆಮೇಲೆ ಅರ್ಧಕ್ಕೆ ಕೇಳುವ ವ್ಯಾಪಾರಿಯನ್ನು ಕುಂಬಳೆಯ ಸಂತೆಯಿಂದ ಲಾಸ್ ವೇಗಾಸಿನವರೆಗೆ ಯಾರಾದರೂ ಕಂಡದ್ದುಂಟೆ?

ಕಾರ್ಯಕ್ರಮವು ತೋರಿಸದೆ ಬಿಡುವ ಭಾಗವೇ ಆ ಕಸುಬಿನ ಹೃದಯ. ‘ಅಡವೋ, ಮಾರಾಟವೋ’ ಎಂದು ಅಲ್ಲಿ ಕೇಳುವುದುಂಟು. ಬಂದವರು ಬಹುತೇಕ ಮಾರುವವರೇ. ನಿಜವಾದ ಅಡವಿನಂಗಡಿಯ ಜೀವಾಳವಾದರೋ ಸಾಲ. ಅಮೆರಿಕದ ಅಡವು ವ್ಯಾಪಾರಿಗಳ ಸಂಘವು ಹೇಳುವಂತೆ ಒಂದು ಸಾಲದ ಸರಾಸರಿ ಮೊತ್ತ 150 ಡಾಲರಿನ ಆಸುಪಾಸು. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಹಣ ಕಟ್ಟಿ ವಸ್ತುವನ್ನು ಬಿಡಿಸಿಕೊಳ್ಳುತ್ತಾರೆ. ಬಿಡಿಸದಿದ್ದರೆ ವಸ್ತು ಹೋಯಿತು, ಸಾಲವೂ ತೀರಿತು. ಮನೆಗೆ ಬಂದು ಪೀಡಿಸುವವರಿಲ್ಲ. ಆದರೆ ತಿಂಗಳ ಲೆಕ್ಕದ ಬಡ್ಡಿ ಕಡುಜೋರು. ಪ್ರತಿಯೊಂದು ವ್ಯವಹಾರದ ವಿವರವನ್ನೂ ಪೊಲೀಸರಿಗೆ ಸಲ್ಲಿಸಬೇಕು, ಕಳವಿನ ಮಾಲಿರಬಹುದೆಂಬ ಶಂಕೆಯಿಂದ ನಿಗದಿಯಾದಷ್ಟು ದಿನ ವಸ್ತುವನ್ನು ಮಾರದೆ ಇರಿಸಬೇಕು. ಅಂತರ್ಯುದ್ಧದ ಕಾಲದ ಖಡ್ಗಗಳಲ್ಲ, ಬಡಗಿಯ ಡ್ರಿಲ್ಲಿಂಗ್ ಯಂತ್ರ, ಹುಡುಗನ ಗಿಟಾರು, ತಾಯಿಯ ಸರ, ಇವೇ ಅಡವಿನಂಗಡಿಗಳ ದಿನನಿತ್ಯದ ಗಿರಾಕಿಗಳು ತರುವ ಮಾಲು. ಜೂನ್ ತಿಂಗಳಲ್ಲಿ ಮಕ್ಕಳ ಫೀಸಿಗೆಂದು ಬಳೆ ಬಿಚ್ಚಿ ಬ್ಯಾಂಕಿಗೆ ಹೋಗುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಸಂಕಟವನ್ನು ತೋರಿಸಿದರೆ ಜಾಹೀರಾತು ಯಾರು ಕೊಟ್ಟಾರು?

ಇಂಥ ಕಾರ್ಯಕ್ರಮಗಳ ಮೇಲಿನ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡವರೂ ಉಂಟು. ಬ್ರಿಟನ್ನಿನಲ್ಲಿ 1979ರಲ್ಲಿ ಆರಂಭವಾದ ‘ಆಂಟಿಕ್ಸ್ ರೋಡ್ ಶೋ’ ಎಂಬುದರ ಅಮೆರಿಕನ್ ಆವೃತ್ತಿಯು 1997ರಲ್ಲಿ ಬಂತು. ಅದರ ಮೊದಲ ವರ್ಷವೇ ಒಬ್ಬನು ಮನೆಯಲ್ಲಿ ಕಲ್ಲಂಗಡಿ ಕೊಯ್ಯಲು ಬಳಸುತ್ತಿದ್ದೆನೆಂದು ಹೇಳಿ ಒಂದು ಖಡ್ಗವನ್ನು ತಂದ. ಪರಿಣತನು ಬೆರಗುಗೊಂಡವನಂತೆ ನಟಿಸಿ 35,000 ಡಾಲರು ಬೆಲೆ ಕಟ್ಟಿದ. ಬಂದವನು ಅವರದೇ ಪರಿಚಿತ, ಕಥೆ ಮೊದಲೇ ಹೊಸೆದದ್ದು ಎಂದು ಆಮೇಲೆ ಬಯಲಾಯಿತು. ಆ ಪರದೆಯ ಕೀರ್ತಿಯಿಂದ ಯೋಧರ ವಂಶಸ್ಥರ ವಿಶ್ವಾಸ ಗಳಿಸಿ, ಅವರ ಮನೆಯ ಸ್ಮಾರಕವಸ್ತುಗಳನ್ನು ಕಡಿಮೆಗೆ ಕೊಂಡು ಹೆಚ್ಚಿಗೆ ಮಾರುವುದೇ ಒಳಗಿನ ಹೂಟ. ಒಂದು ಕುಟುಂಬಕ್ಕೆ 87,000 ಡಾಲರು ಕೊಟ್ಟು, ಸುಮಾರು ಹತ್ತು ಪಟ್ಟು ಬೆಲೆಗೆ ವಸ್ತುಸಂಗ್ರಹಾಲಯವೊಂದಕ್ಕೆ ಮಾರಿದ್ದೂ ನ್ಯಾಯಾಲಯದಲ್ಲಿ ಹೊರಬಿತ್ತು. 2002ರಲ್ಲಿ ಆ ಪರಿಣತರಲ್ಲೊಬ್ಬನಿಗೆ ಒಂದು ವರ್ಷದ ಸೆರೆವಾಸವಾಯಿತು. ‘ಸ್ಟೋರೇಜ್ ವಾರ್ಸ್’ ಎಂಬ ಇನ್ನೊಂದು ಕಾರ್ಯಕ್ರಮದಲ್ಲಿ, ಹರಾಜಿಗಿಡುವ ಕೋಣೆಗಳೊಳಗೆ ಬೆಲೆಬಾಳುವ ವಸ್ತುಗಳನ್ನು ನಿರ್ಮಾಪಕರೇ ಇರಿಸುತ್ತಾರೆಂದು ಅದರ ನಟರಲ್ಲೊಬ್ಬನೇ 2012ರಲ್ಲಿ ದಾವೆ ಹೂಡಿದ್ದ. 2014ರಲ್ಲಿ ರಾಜಿಯಾಯಿತು.

ದೂರದ ಆ ಆಟದ ನೆರಳು ನಮ್ಮ ಅಂಗಳದ ಮೇಲೂ ಬಿದ್ದಿದೆ. ಹಳೆಯ ನೋಟಿಗೆ, ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ನಂಬಿಸಿ ಮುಂಗಡ ಶುಲ್ಕ ಕಸಿಯುವವರ ಬಗ್ಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಕೆಯನ್ನು ಹೊರಡಿಸಬೇಕಾಯಿತು. ಊರಿಗೆ ಮರಳಿದ ವಾರದಲ್ಲಿಯೇ ನಮ್ಮ ನೆರೆಮನೆಯವರೊಬ್ಬರು ಬಂದು, “ಮಾಸ್ಟ್ರೇ, ನೀವು ಆ ಟಿವಿಯ ಅಂಗಡಿಗೆ ಹೋಗಿ ಬಂದವರಲ್ಲವೆ, ಅಜ್ಜನ ಕಾಲದ ತಾಳೆಗರಿ ಕಟ್ಟಿಗೆ ಎಷ್ಟು ಬಂದೀತು?” ಎಂದು ಕೇಳಿದರು. ಪೇಟೆಯಿಂದ ಯಾರೋ ಬಂದು ಎರಡು ಸಾವಿರ ಕೊಡುತ್ತೇನೆಂದಿದ್ದನಂತೆ. ಎಪ್ಪತ್ತೈದು ವರ್ಷ ಮೀರಿದ, ಸಾಹಿತ್ಯದ ಅಥವಾ ಚರಿತ್ರೆಯ ಮೌಲ್ಯವುಳ್ಳ ಹಸ್ತಪ್ರತಿಯು 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತುವೆನಿಸುತ್ತದೆಂದೂ, ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕೆಂದೂ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತೆಯೇ ಇಲ್ಲವೆಂದೂ ಹೇಳಿದೆ. ಬೆಲೆ ಕೇಳುವುದಕ್ಕೆ ಮೊದಲು ಅದರಲ್ಲಿ ಏನಿದೆಯೆಂದು ಓದಿಸೋಣವೆಂದೆ. ಅವರು ಕಟ್ಟನ್ನು ತಂದು ನಮ್ಮ ಜಗಲಿಯಲ್ಲಿ ಬಿಚ್ಚಿದರು. ಅಂಚು ಹುಳ ತಿಂದಿತ್ತು, ಅಕ್ಷರ ತಿಗಳಾರಿ. ಓದಬಲ್ಲ ಹಿರಿಯರೊಬ್ಬರು ಬದಿಯಡ್ಕದ ಕಡೆ ಇದ್ದಾರೆ. ಬರುವ ಆದಿತ್ಯವಾರ ಅವರಲ್ಲಿಗೆ ಹೋಗುವುದೆಂದು ಮಾತಾಯಿತು. ಪೇಟೆಯವನಿಗೆ, ಸದ್ಯಕ್ಕೆ ಕೊಡುವುದಿಲ್ಲವೆಂದು ನೆರೆಯವರೇ ಫೋನು ಮಾಡಿ ತಿಳಿಸಿದರು.