ಬೇವಿನ ಟೊಂಗೆಯ ಹಿಂದಿನ 30

28 ವರ್ಷ ಬಸ್ಸು ಓಡಿಸಿದ ನನಗೆ ದಾರಿ ತೋರಿಸಲು ಮೊಬೈಲ್ ಬೇಕಿಲ್ಲ. ಆದರೆ ನೀಲಾಂಬಿಕೆಯ ಐಕ್ಯಸ್ಥಳ ನೋಡಲು ತಂಗಡಗಿಗೆ ಬರುವ ಪರಊರಿನವರಿಗೆ ಬೇಕು. ನಮ್ಮೂರ ಟ್ರ್ಯಾಕ್ಟರಿನವರಿಗೆ ಶಾಲೆ ಬಿಡುವ ಹೊತ್ತು ಗೊತ್ತು. ಅವರಿಗೆ ಹೇಗೆ ಗೊತ್ತಾಗಬೇಕು?

ಕಳೆದ ಶ್ರಾವಣದಲ್ಲಿ ಶಾಲೆಯ ಮುಂದೆ ಒಂದು ಕಾರು ಕಿರ್ರನೆ ನಿಂತಿತು. ಅದಕ್ಕೂ ನನ್ನ ಮೊಮ್ಮಗಳ ಸೈಕಲ್ಲಿಗೂ ನಡುವೆ ಒಂದೇ ಮೊಳ. ಬಯ್ಯಲು ಓಡಿದೆ. ಪಾಪ, ಚಾಲಕನ ಕೈಯೇ ನಡುಗುತ್ತಿತ್ತು. "ಇದ್ರಾಗ ಅರವತ್ತು ಅಂತ ತೋರ್ಸಾಕತ್ತೈತ್ರಿ ಅಜ್ಜಾರ" ಎಂದು ಮೊಬೈಲ್ ಚಾಚಿದ. 30 ಎಂದು ಬರೆದ ಕೆಂಪು ಸುತ್ತಿನ ಹೊಸ ಫಲಕವೇನೋ ಇತ್ತು, ಬೇವಿನ ಟೊಂಗೆಯ ಹಿಂದೆ.

ರಾತ್ರಿ ಮೊಮ್ಮಗಳಿಗೆ ಲೆಕ್ಕ ಕೊಟ್ಟೆ. ಗಂಟೆಗೆ 60 ಕಿ.ಮೀ. ಓಡುವ ಗಾಡಿ ಒಂದು ಸೆಕೆಂಡಿಗೆ ಎಷ್ಟು ದೂರ ಹೋಗುತ್ತದೆ? ಸುಮಾರು 17 ಮೀಟರ್ ಬಂತು. 30 ಆದರೆ 8 ಚಿಲ್ಲರೆ. ವೇಗ ಎರಡು ಪಟ್ಟಾದರೆ, ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟು. "ಎರಡ ಪಟ್ಟು ಅಲ್ಲೇನಜ್ಜಾ?" ಎಂದು ವಾದಕ್ಕಿಳಿದಳು. ಮುಗಿಯಿತು ನನ್ನ ನಿದ್ದೆ!

ವಿಜಯಪುರದಲ್ಲಿ ಓದುವ ಅವಳ ಅಣ್ಣ ಬಂದಾಗ ಗುಟ್ಟು ತಿಳಿಯಿತು. ಆ ಆ್ಯಪ್ ಬಳಸುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರು ಮಾಡಿದ್ದು. ಖಾತೆ ತೆರೆದ ಯಾರಾದರೂ ಅದನ್ನು ತಿದ್ದಬಹುದು. ಫಲಕ ಬಂದ ಮೇಲೆ ತಿದ್ದಬೇಕಾದವರು ಊರಿನವರಾದ ನಾವೇ. ನಮಗೆ ಗೊತ್ತೇ ಇರಲಿಲ್ಲ.

ಭಾನುವಾರ ಮೂವರೂ ಹೋಗಿ ಫಲಕದ ಫೋಟೊ ತೆಗೆದೆವು.

"ಅಜ್ಜಾ, ಇಪ್ಪತ್ತು ಅಂತ ಬರದಬಿಡೂಣು. ಇನ್ನೂ ಸಾವಕಾಶ ಬರ್ತಾರ" ಎಂದಳು ಮೊಮ್ಮಗಳು. ನನಗೂ ಸರಿಯೆನಿಸಿತು. ಅಣ್ಣ ಒಪ್ಪಲಿಲ್ಲ. ಫಲಕದಲ್ಲಿ ಇದ್ದದ್ದನ್ನೇ ಬರೆಯಬೇಕಂತೆ. ಬೇರೆ ಕಂಪನಿಯ ನಕ್ಷೆ ನೋಡಿ ನಕಲು ಮಾಡುವಂತೆಯೂ ಇಲ್ಲ. ಯೋಚಿಸಿದೆ. ಫಲಕದಲ್ಲಿ 30, ಮೊಬೈಲಿನಲ್ಲಿ 20 ಕಂಡರೆ ಚಾಲಕನಾಗಿ ನಾನೇ ಮೊಬೈಲ್ ನಂಬುವುದನ್ನು ಬಿಡುತ್ತಿದ್ದೆ.

ಫಲಕ ಇರುವ ಜಾಗದಲ್ಲಿ ನಕ್ಷೆಯ ರಸ್ತೆಗೆರೆಯನ್ನು ಎರಡು ತುಂಡು ಮಾಡಿ, ಶಾಲೆಯ ಕಡೆಯ ತುಂಡಿಗೆ 30 ಎಂದು ಬರೆದ. 'ಉಳಿಸು' ಒತ್ತಿದವಳು ಮೊಮ್ಮಗಳು. ಹೊಳೆಯ ಕಡೆಯಿಂದ ಬರುವವರಿಗೆ ಫಲಕವೇ ಇಲ್ಲ. ಅಲ್ಲೂ ಒಂದು ಬೇಕೆಂದು ಅವಳ ಕೈಯಿಂದಲೇ ಅರ್ಜಿ ಬರೆಸಿದ್ದೇನೆ.

ಸಂಜೆ ಕುಡಗೋಲು ಹಿಡಿದು ಹೋಗಿ ಬೇವಿನ ಟೊಂಗೆ ಸವರಿದೆ. ಅದಕ್ಕೆ ಖಾತೆ ಗೀತೆ ಏನೂ ಬೇಕಾಗಲಿಲ್ಲ.